ಅಲೆ ಬಿಡುವ ಮುಂಚಿನ ಒಂದು ತಾಸು

ಹೋದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳು ಪೇಡೆ ಹಿಡಿದುಕೊಂಡು ಪಾರ್ವತಿನಗರದ ನಮ್ಮ ಮನೆಗೆ ಬಂದಳು. ಸಿರುಗುಪ್ಪ ರಸ್ತೆಯ ವಾಟರ್ ಪಾರ್ಕಿನಲ್ಲಿ, ನಾನು ನಿವೃತ್ತಳಾಗುವ ತನಕ ಕೂತಿದ್ದ ಟಿಕೆಟ್ ಕೌಂಟರಿನಲ್ಲೇ, ಅವಳಿಗೆ ಕೆಲಸ ಸಿಕ್ಕಿತ್ತು. "ಶರಣಕ್ಕ, ಸೇರಾಕ ಮೊದಲು ಏನಾರ ಕಲ್ತ್ಕೊಂಡು ಹೋಗಬೇಕೇನ್ರಿ?" ಎಂದು ಕೇಳಿದಳು. ಕಂಪ್ಯೂಟರು, ಸ್ಕ್ಯಾನರು, ಕೈಪಟ್ಟಿ ಕಟ್ಟುವುದು ಇವನ್ನೆಲ್ಲ ಅಲ್ಲಿಯವರೇ ವಾರದೊಳಗೆ ಕಲಿಸುತ್ತಾರೆ ಎಂದೆ. ಅವರು ಕಲಿಸದಿರುವುದನ್ನು ಹೇಳಲು ಹೊರಟರೆ ಪೇಡೆ ಮುಗಿಯಿತು, ಚಹಾ ಆರಿತು, ಅವಳ ಅಮ್ಮ ಬಾಗಿಲಿಗೆ ಬಂದು ಕೂಗಿದಳು. ಹೀಗಾಗಿ ಬರೆಯಲು ಕೂತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ಬೇಡ, ಅದನ್ನು ನಾನೇ ಮರೆತಿದ್ದೇನೆ. ಮುಖಗಳು ಮಾತ್ರ ನೆನಪಿವೆ.

ಪಾರ್ಕು ಕಟ್ಟಿಸಿದವರು ಭತ್ತದ ವ್ಯಾಪಾರದವರು. ನಾವೆಲ್ಲ ಅವರನ್ನು ಸಾವ್ಕಾರರು ಎಂದೇ ಕರೆಯುತ್ತಿದ್ದೆವು. ಯಾರದೋ ಮದುವೆಗೆಂದು ದೊಡ್ಡ ಊರಿಗೆ ಹೋದಾಗ ಅಲ್ಲಿಯ ಪಾರ್ಕು ನೋಡಿ ಬಂದು, ಏನೂ ಬೆಳೆಯದ ತಮ್ಮ ಸವಳು ನೆಲದಲ್ಲಿ ಜಾರುಬಂಡೆಗಳನ್ನೂ ಒಂದು ಅಲೆಕೊಳವನ್ನೂ ಕಟ್ಟಿಸಿದರು. ಪಕ್ಕದಲ್ಲೇ ಊಟದ ಹೋಟೆಲು, ಅದರ ಮೇಲೆ ಸಣ್ಣ ಲಾಡ್ಜು. "ಬಳ್ಳಾರಿ ಬಿಸಲಿಗೆ ನೀರು ಮಾರಾದು ಪಾಪ ಅಲ್ಲ" ಎನ್ನುತ್ತಿದ್ದರು. ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆ ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕಾಗಿದ್ದಳು, ನಾನು ಸೇರಿದೆ. ಆಮೇಲೆ ಕೌಂಟರಿಗೂ ಲಾಡ್ಜಿನ ಮೇಜಿಗೂ ಅವರೇ ಕರೆದು ಕೂರಿಸಿದರು. ಕಾರಣ ಇಷ್ಟೇ: ನಾನು ದರ ಹೇಳುವ ಮೊದಲು "ಯಾವೂರ್ರಿ?" ಎಂದು ಕೇಳುತ್ತಿದ್ದೆ. ಅದು ಸಂಗನಕಲ್ಲಿನ ನಮ್ಮಜ್ಜಿ ಕಲಿಸಿದ್ದು. ಸೊಪ್ಪು ಮಾರುವವಳು ಬಂದರೂ ಅಜ್ಜಿ ಮೊದಲು ಊರು ಕೇಳಿ, ಕುಡಿಯಲು ನೀರು ಕೊಟ್ಟು, ಆಮೇಲೆ ಚೌಕಾಸಿಗೆ ಇಳಿಯುತ್ತಿದ್ದಳು. ಚೌಕಾಸಿಯಲ್ಲಿ ಒಂದು ಕಾಸೂ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಕೌಂಟರಿನ ಮೊದಲ ಪಾಠ ನನಗೆ ಕಲಿಸಿದ್ದು ಒಂದು ಕಂಬ. ಅದರ ಮೇಲೆ ಕೆಂಪು ಗೆರೆ. ಗೆರೆಗಿಂತ ಗಿಡ್ಡ ಇರುವ ಮಕ್ಕಳಿಗೆ ಟಿಕೆಟ್ ಬೇಕಿಲ್ಲ, ಪುಕ್ಕಟೆ. ಆದರೆ ಗೆರೆಗಿಂತ ಗಿಡ್ಡ ಇದ್ದವರನ್ನು ದೊಡ್ಡ ಜಾರುಬಂಡೆಗೂ ಹತ್ತಿಸುತ್ತಿರಲಿಲ್ಲ. ತಾಯಂದಿರು ಮಗನ ಬೆನ್ನಿಗೆ ಮೆಲ್ಲಗೆ ತಿವಿದು "ಮಣಕಾಲು ಮಡಚಲೇ" ಎಂದು ಪಿಸುಗುಟ್ಟಿದರೆ, ಮಗ ತುದಿಗಾಲಲ್ಲಿ ನಿಂತು "ಇಲ್ಲವ್ವಾ, ನಾ ದೊಡ್ಡಾವ ಆಗೀನಿ, ನೋಡ್ರಿ ಮೇಡಂ" ಎಂದು ಎದೆ ಉಬ್ಬಿಸುತ್ತಿದ್ದ. ಕುರುಗೋಡಿನ ಒಬ್ಬಾಕೆ ಇಬ್ಬರ ಜಗಳವನ್ನೂ ತಾನೇ ತೀರಿಸಿದಳು: "ಟಿಕೆಟ್ಟಿಗೆ ಸಣ್ಣಾವ, ಬಂಡಿಗೆ ದೊಡ್ಡಾವ ಅಂತ ಬರ್ಕೊಳ್ರಲ್ಲ, ನಿಮಗೇನು ಹೊರಿ ಆಗತೈತಿ?" ಸಾವ್ಕಾರರು ಹಿಂದೆ ನಿಂತು ಕೇಳಿಸಿಕೊಂಡು, ನಕ್ಕು ನಕ್ಕು ಕೆಮ್ಮು ಬಂದು, ಹಾಗೆಯೇ ಬರೆದುಕೋ ಎಂದರು. ಬರೆದುಕೊಂಡೆ. ಆ ದಿನವಿಡೀ ಎಲ್ಲರಿಗೂ ಹಾಗೆಯೇ ಬರೆಯಬೇಕಾಯಿತು.

ದರದ ಹಲಗೆಯಲ್ಲಿ ನಮ್ಮದು ಎರಡೇ ಸಾಲು: ಸೋಮವಾರ, ಮತ್ತು ಉಳಿದ ವಾರ. ಬೇರೆ ಕಡೆ ಭಾನುವಾರಕ್ಕೊಂದು ದರ ಇರುತ್ತದೆ, ನಮ್ಮಲ್ಲಿ ಸೋಮವಾರಕ್ಕೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರು ಬಂದ ಮೇಲೂ ಮಂದಿಗೆ ಆ ದಿನ ಹೊಲಕ್ಕೆ ಇಳಿಯಲು ಮನಸ್ಸಾಗುವುದಿಲ್ಲ. ಹೊಲದವರಿಗೆ ಬಿಡುವಿರುವ ದಿನ ಅದೊಂದೇ, ಆ ದಿನ ದರ ಇಳಿಸಬೇಕು ಎಂಬುದು ಸಾವ್ಕಾರರ ಲೆಕ್ಕ. ಪುಣ್ಯದ ಲೆಕ್ಕವೋ ವ್ಯಾಪಾರದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಾವ್ಕಾರರಿಗೆ ಭತ್ತ ಕೊಡುವವರೂ ಆ ಹೊಲದವರೇ, ನೀರಿಗೆ ಬರುವವರೂ ಅವರೇ.

ಲಾಡ್ಜಿನಲ್ಲಿ ಕೋಣೆ ಹಿಡಿದವರನ್ನಂತೂ ಸಾವ್ಕಾರರು ಗಿರಾಕಿಗಳು ಎಂದು ಕರೆಯಲು ಬಿಡುತ್ತಿರಲಿಲ್ಲ. "ರಾತ್ರಿ ನಮ್ಮನ್ಯಾಗ ಮಲಗ್ಯಾರ ಅಂದ ಮ್ಯಾಲ ನೆಂಟರು" ಎನ್ನುತ್ತಿದ್ದರು. ನೆಂಟರಿಗೆ ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಿಟ್ಟಿ. ಮೊದಲ ದಿನದ ಕೈಪಟ್ಟಿಯಲ್ಲೇ ಮರುದಿನ ಮಧ್ಯಾಹ್ನದ ತನಕ ಒಳಗೆ ಓಡಾಡಬಹುದು. ಇವೆರಡಕ್ಕಿಂತ ದೊಡ್ಡದು ಇನ್ನೊಂದಿತ್ತು: ಗೇಟು ತೆರೆಯುವುದಕ್ಕೆ ಒಂದು ತಾಸು ಮೊದಲೇ ಅವರು ಅಲೆಕೊಳಕ್ಕೆ ಇಳಿಯಬಹುದು.

ಅಲೆಕೊಳ ಎಂದರೆ ನದಿಯ ದಂಡೆಯ ಹಾಗೆ ಇಳಿಜಾರಾದ ಕೊಳ. ಈ ತುದಿಯಲ್ಲಿ ಪಾದ ಮುಳುಗುವುದಿಲ್ಲ, ನಡುವೆ ಎದೆಮಟ್ಟ, ಆ ತುದಿಯಲ್ಲಿ ಕತ್ತುಮಟ್ಟ ನೀರು. ಗೋಡೆಯ ಹಿಂದಿನ ಯಂತ್ರ ಅಲೆ ಎಬ್ಬಿಸುತ್ತದೆ. ಹಳ್ಳಿಯವರು ಅದನ್ನು ಸಮುದ್ರ ಎನ್ನುತ್ತಿದ್ದರು. "ಸಮುದ್ರ ಯಾವಾಗ ಬಿಡ್ತೀರ್ರಿ?" ಎಂದು ಕೇಳುತ್ತಿದ್ದರು. ಬೆಳಗಿನ ಆ ಒಂದು ತಾಸು ಮಾತ್ರ ಯಂತ್ರ ಬಂದ್. ಗದ್ದಲವಿಲ್ಲ, ಹಾಡಿಲ್ಲ, ನೀರು ಕನ್ನಡಿಯ ಹಾಗೆ ನಿಂತಿರುತ್ತಿತ್ತು. ಕಾಲೇಜು ಹುಡುಗರು ಯಾರೂ ಅಷ್ಟು ಬೇಗ ಏಳುವವರಲ್ಲವಾದ್ದರಿಂದ ಅದು ತಾನಾಗಿಯೇ ಹೆಂಗಸರ, ಮುದುಕರ ಹೊತ್ತಾಯಿತು. ಕಾವಲಿಗೆ ಮಾಬು ಒಬ್ಬನೇ. ಕೊಳ ಕಾಯುವವನೂ ಅವನೇ, ಯಂತ್ರದ ಗುಂಡಿ ಒತ್ತುವವನೂ ಅವನೇ. ಬೆಳಗಿನ ಆ ಹೊತ್ತಿನಲ್ಲಿ ಅವನು ಮರ್ಯಾದೆಯಿಂದ ಕೊಳಕ್ಕೆ ಬೆನ್ನು ಮಾಡಿ ಕೂತು, ಕಿವಿಯಿಂದಲೇ ಕಾವಲು ಕಾಯುತ್ತಿದ್ದ.

ದೇಶನೂರಿನ ತಿಪ್ಪಮ್ಮ ನನಗೆ ಪರಿಚಯವಾದದ್ದು ಅಂಥ ಒಂದು ಸೋಮವಾರ ಬೆಳಿಗ್ಗೆ. ಆಕೆ ಒಂದು ಕಾಲಕ್ಕೆ ಭತ್ತದ ನಾಟಿಯ ಹೆಂಗಸರ ಗುಂಪಿಗೆ ಮುಂದಾಳು. ಈಗ ಗುಂಪನ್ನು ಸೊಸೆ ಹಂಪಮ್ಮ ನಡೆಸುತ್ತಿದ್ದಳು. ಕಾಲುವೆಗೆ ನೀರು ಬಂದು, ನಾಟಿ ಮುಗಿದು, ಸೊಂಟ ನೆಟ್ಟಗಾದ ಮೇಲೆ ಗುಂಪಿನವರೆಲ್ಲ ಸೇರಿ ಭಾನುವಾರ ಸಂಜೆ ಎರಡು ಕೋಣೆ ಹಿಡಿಯುತ್ತಿದ್ದರು, ಬೆಳಗಿನ ನೀರಿಗೋಸ್ಕರ. ಆ ವರ್ಷ ಅತ್ತೆಯನ್ನೂ ಎತ್ತಿಕೊಂಡು ಬಂದಿದ್ದರು. ಎತ್ತಿಕೊಂಡೇ ಬರಬೇಕು, ತಿಪ್ಪಮ್ಮನ ಎರಡೂ ಮೊಣಕಾಲು ಹೋಗಿದ್ದವು. ಮನೆಯೊಳಗೆ ಕೂತಲ್ಲಿಂದಲೇ ಸರಿಯುತ್ತ ಓಡಾಡುವವಳು. ಆಪರೇಷನ್ನಿಗೆ ಆಕೆಯ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ಪಾದ ತೋಯಿಸಿಕೊಳ್ಳಲಿ ಎಂದು ಪ್ಲಾಸ್ಟಿಕ್ ಕುರ್ಚಿಯ ಸಮೇತ ಆಕೆಯನ್ನು ನೀರಿನ ಅಂಚಿನಲ್ಲಿ ಇಟ್ಟರು. ತಿಪ್ಪಮ್ಮ "ಇನ್ನಟು ಮುಂದಕ್ಕ" ಎಂದಳು. ಇಟ್ಟರು. "ಇನ್ನಟು." ಕುರ್ಚಿ ತೇಲುವ ಮಟ್ಟಕ್ಕೆ ಬಂದಾಗ ಹಂಪಮ್ಮ ಹೆದರಿ ಅತ್ತೆಯ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿದಳು. ನೀರು ಮುದುಕಿಯ ಎದೆಗೆ ಬಂದಿತ್ತು.

"ಹಂಪೀ."

"ಏನಬೇ ಅತ್ತಿ? ನೋವಾತೇನು?"

"ನೋವು ಎಲ್ಲಿಗೆ ಹೋತು ಅಂತ ನೋಡಾಕತ್ತೀನಿ. ಬಿಡು ನನ್ನ."

"ಬೀಳ್ತಿ!"

"ಬಿಡಬೇ, ನೀರಾಗ ಬಿದ್ರ ಎಲ್ಲಿಗೆ ಬೀಳ್ತೀನಿ? ಬಿಡು ನೋಡೂಣು."

ಹಂಪಮ್ಮ ಬಿಟ್ಟಳು, ಬಿಟ್ಟರೂ ಕೈಗಳನ್ನು ಹಾಗೆಯೇ ಚಾಚಿಕೊಂಡಿದ್ದಳು. ತಿಪ್ಪಮ್ಮ ನಿಂತಳು. ಮೈಯ ಭಾರವನ್ನೆಲ್ಲ ನೀರು ಹೊತ್ತುಕೊಂಡಿತ್ತು. ಒಂದು ಹೆಜ್ಜೆ ಹಾಕಿದಳು, ಮತ್ತೊಂದು ಹಾಕಿದಳು, ಆಮೇಲೆ ಕೊಳದ ಅಡ್ಡಕ್ಕೆ ಈ ಗೋಡೆಯಿಂದ ಆ ಗೋಡೆಗೆ ನಡೆದುಹೋದಳು. ಹೆಂಗಸರ ಮಾತು ಇದ್ದಕ್ಕಿದ್ದಂತೆ ನಿಂತಿದ್ದಕ್ಕೆ ಗಾಬರಿಯಾಗಿ ಮಾಬು "ಏನಾತ್ರೀ?" ಎಂದು ತಿರುಗದೆಯೇ ಕೂಗಿದ. "ಏನಿಲ್ಲಪ್ಪಾ," ಎಂದಳು ತಿಪ್ಪಮ್ಮ, "ನಡಿಯಾಕತ್ತೀನಿ."

ಆ ವರ್ಷದಿಂದ ಆಕೆ ಪ್ರತಿ ವರ್ಷ ಬಂದಳು. ಕಾಲುವೆಯಲ್ಲಿ ಸೆಳವು, ಕೆರೆಯಲ್ಲಿ ಕೆಸರು. ನಿಂತ ನೀರು, ಕಾಲಿಗೆ ಹಿಡಿತ ಸಿಗುವ ನೆಲ, ಎದೆಮಟ್ಟದ ಆಳ ಮೂರೂ ಒಟ್ಟಿಗೆ ಸಿಗುತ್ತಿದ್ದದ್ದು ನಮ್ಮಲ್ಲೇ. ಲಾಡ್ಜಿನ ಮೆಟ್ಟಿಲ ಬುಡದಲ್ಲಿ ನನ್ನನ್ನು ಕಂಡರೆ "ಶರಣವ್ವಾ, ನಡಿಯಾಕ ಬಂದೀನಿ" ಎನ್ನುತ್ತಿದ್ದಳು, ತವರಿಗೆ ಬಂದೆ ಎನ್ನುವ ದನಿಯಲ್ಲಿ.

ಸಾವ್ಕಾರರು ತೀರಿಕೊಂಡ ಮೇಲೆ ಪಾರ್ಕು, ಲಾಡ್ಜು ಎರಡನ್ನೂ ಹೊರಗಿನ ಒಂದು ಕಂಪನಿ ಕೊಂಡಿತು. ಮ್ಯಾನೇಜರಾಗಿ ಬಂದವನು ಆಂಧ್ರದ ಕಡೆಯ ಪ್ರಣೀತ್, ನನ್ನ ಮಗನ ವಯಸ್ಸು. ಮೊದಲ ದಿನ ನನ್ನೆದುರು ಕೂರದೆ ನಿಂತೇ ಮಾತಾಡಿದ, "ಮೇಡಂ ಗಾರು" ಎಂದು ಕರೆದ. ಹೊಸಬರು ಬಂದಾಗ ಹಳಬರು ಮೂಗು ಮುರಿಯುವುದು ಎಲ್ಲ ಕಡೆಯೂ ಇದ್ದದ್ದೇ. ನಾನು ಮುರಿಯಲಿಲ್ಲ, ಮುರಿಯಲು ಅವನು ಆಸ್ಪದ ಕೊಡಲೂ ಇಲ್ಲ. ಶೌಚಾಲಯಗಳು ಹೊಳೆದವು. ಕೊಳದ ಸುತ್ತ ಕೆಂಪು ಟೀಶರ್ಟಿನ ಕಾವಲುಗಾರರು ನಿಂತರು. ತಿಂಗಳ ಸಂಬಳ ಕೇಳದೆಯೇ ಖಾತೆಗೆ ಬಂತು. ಸಾವ್ಕಾರರ ಕಾಲದಲ್ಲಿ ಅದಕ್ಕೆ ಅವರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು ನೋಡಿ ಹೋಗಿ ನಿಲ್ಲಬೇಕಿತ್ತು.

ಆದರೆ ದರದ ಹಲಗೆ ಹೋಯಿತು. ಬೆಳಿಗ್ಗೆ ಕಂಪ್ಯೂಟರು ತೆರೆದರೆ ಇವತ್ತಿನ ದರ ಇಂತಿಷ್ಟು ಎಂದು ಅದೇ ಹೇಳುತ್ತಿತ್ತು, ಟೊಮೆಟೊ ದರದ ಹಾಗೆ. ಮೊದಲೇ ಫೋನಿನಲ್ಲಿ ತೆಗೆದರೆ ಒಂದು ದರ, ಗೇಟಿಗೆ ಬಂದು ತೆಗೆದರೆ ಇನ್ನೊಂದು. ಇದರಿಂದ ಒಮ್ಮೆ ಒಂದು ಸಂಬಂಧವೇ ಮುರಿಯುವ ಹಂತಕ್ಕೆ ಬಂತು. ಕುರುಗೋಡಿನ ಹೆಣ್ಣಿನವರು ಸಿರುಗುಪ್ಪದ ಬೀಗರನ್ನು ಕರೆತಂದಿದ್ದರು. ಬೀಗರ ಟಿಕೆಟ್ಟನ್ನು ತಿಂಗಳ ಮೊದಲೇ ಫೋನಿನಲ್ಲಿ ತೆಗೆದಿದ್ದರು, ತಮ್ಮವನ್ನು ಅವತ್ತು ಕೌಂಟರಿನಲ್ಲಿ ಕೊಂಡರು. ಗಂಡಿನ ತಂದೆ, ರುಮಾಲಿನ ಹಿರಿಯರು, ಎರಡೂ ಟಿಕೆಟ್ಟುಗಳನ್ನು ಹಿಡಿದು ಬಿಸಿಲಿಗೆ ಎತ್ತಿ ನೋಡಿದರು.

"ನಮಗ ಅಗ್ಗದ್ದು, ತಮಗ ದುಬಾರಿದು! ಕರದು ಹಿಂಗ ಮಾಡ್ತಾರೇನು? ನಡೀರಲೇ, ಬಸ್ ಹತ್ರಿ."

ನಾನು ಬುದ್ಧಿವಂತೆಯ ಹಾಗೆ ಎದ್ದು ಹೋಗಿ, "ಅಗ್ಗ ಇದ್ರೂ ನೀರು ಒಂದ ರೀ" ಎಂದೆ. "ಕೇಳಿದ್ರ್ಯಾ? ಆಫೀಸಿನ ಬಾಯಿಲೇ ಬಂತು, ಅಗ್ಗದ್ದಂತ!" ಎಂದು ಅವರು ರುಮಾಲು ತೆಗೆದು ಕೊಡವಿದರು. ಹೊಸ ಮದುಮಗಳು ಕೈಪಟ್ಟಿ ತಿರುವುತ್ತ ಅಳುವ ಹಾಗಾಗಿದ್ದಳು. ಕುರ್ಚಿ ತರಿಸಿ ಹಿರಿಯರನ್ನು ಕೂರಿಸಿ, ನೀರು ಕೊಟ್ಟು, ಯಾವೂರು, ಭತ್ತ ಹೇಗಿದೆ ಎಂದೆಲ್ಲ ಕೇಳಿದೆ. ಆಮೇಲೆ ಟಿಕೆಟ್ಟಿನ ಮೇಲಿನ ತಾರೀಖಿಗೆ ಬೆರಳಿಟ್ಟು ಹೇಳಿದೆ: "ನಿಮ್ಮದು ತಿಂಗಳ ಹಿಂದ ತಗಸ್ಯಾರ, ತಮ್ಮದು ಈಗ ಗೇಟಿಗೆ ಬಂದು. ಮೊದಲ ಯಾರನ್ನ ನೆನಸ್ಯಾರ ನೀವ ಹೇಳ್ರಿ."

ಅವರು ಬಹಳ ಹೊತ್ತು ತಾರೀಖು ನೋಡಿದರು. "ಇದನ್ನ ಮೊದಲ ಹೇಳಬಾರದೇನು ಬೀಗರ?" ಎಂದು ರುಮಾಲು ಸುತ್ತಿಕೊಂಡು ಎದ್ದರು. ಸಂಜೆ ಜಾರುಬಂಡೆಯಿಂದ ಅವರನ್ನು ಇಳಿಸಿಕೊಂಡು ಹೋಗಲು ಬಸ್ಸಿನ ಡ್ರೈವರೇ ಬರಬೇಕಾಯಿತು. ಟಿಕೆಟ್ಟಿನ ಮೇಲಿನ ಅಂಕಿಯನ್ನು ಮಂದಿ ಕಂಪ್ಯೂಟರಿನ ಹಾಗೆ ಓದುವುದಿಲ್ಲ, ತಮಗೆ ಎಷ್ಟು ಮರ್ಯಾದೆ ಸಿಕ್ಕಿತು ಎಂದು ಓದುತ್ತಾರೆ. ಕೌಂಟರಿಗೆ ಸೇರುವ ಹುಡುಗಿಯರು ಇದೊಂದನ್ನು ನೆನಪಿಟ್ಟರೆ ಸಾಕು.

ಲಾಡ್ಜಿನ ಸವಲತ್ತುಗಳು ಒಮ್ಮೆಗೇ ಹೋಗಲಿಲ್ಲ, ಒಂದೊಂದೇ ಉದುರಿದವು. ಮೊದಲು ಒಗ್ಗರಣಿ-ಮಿರ್ಚಿಗೆ ಕೂಪನ್ನು ಬಂತು. ಆಮೇಲೆ ಎರಡನೆಯ ದಿನದ ಕೈಪಟ್ಟಿ ನಿಂತಿತು. ಕೊನೆಗೆ ಬೆಳಗಿನ ತಾಸಿಗೂ ಕತ್ತರಿ ಬಿತ್ತು. ಅದನ್ನು 'ಅರ್ಲಿ ಪಾಸ್' ಎಂದು ಹೆಸರಿಟ್ಟು ಬೇರೆಯಾಗಿ ಮಾರತೊಡಗಿದರು, ಅದೂ ಶನಿವಾರ, ಭಾನುವಾರ ಮಾತ್ರ. ಲಾಡ್ಜಿನಲ್ಲಿ ಮಲಗಿದವರೂ ಎಲ್ಲರ ಜೊತೆ ಗೇಟಿನ ಸಾಲಿನಲ್ಲೇ ನಿಲ್ಲಬೇಕು. ಸೋಮವಾರ ಜನ ಜಾಸ್ತಿ ಬರುತ್ತಾರೆ ಎಂದು ಕಂಪ್ಯೂಟರು ಕಂಡುಹಿಡಿದು, ಆ ದಿನದ ದರವನ್ನು ಭಾನುವಾರದಷ್ಟೇ ಮಾಡಿತು.

ನಾನು ಪ್ರಣೀತನ ಕೋಣೆಗೆ ಹೋಗಿ ತಿಪ್ಪಮ್ಮನ ಸಂಗತಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಮೇಡಂ ಗಾರು, ಆಗ ಬೆಳಿಗ್ಗೆ ಕಾವಲಿಗೆ ಎಷ್ಟು ಮಂದಿ ಇರ್ತಿದ್ರು?"

"ಮಾಬು ಒಬ್ಬವ."

"ಅವನೂ ಬೆನ್ನು ಮಾಡಿ ಕೂತಿರ್ತಿದ್ದ ಅಂತೀರ. ಆ ಅಮ್ಮ ಒಂದಿನ ಮುಳುಗಿದ್ರೆ?"

ಅಷ್ಟು ವರ್ಷ ಏನೂ ಆಗಲಿಲ್ಲ ಎಂಬುದು ಉತ್ತರವಲ್ಲ. "ಸೋಮವಾರ ಅಷ್ಟು ಬೇಗ ಡ್ಯೂಟಿಗೆ ಜನ ಇಲ್ಲ, ಜನ ಇಲ್ಲದೆ ಯಾರನ್ನೂ ನೀರಿಗೆ ಬಿಡೋದಿಲ್ಲ" ಎಂದ. ಮಾತಿನಲ್ಲಿ ಗತ್ತು ಇರಲಿಲ್ಲ, ಹೆದರಿಕೆ ಇತ್ತು. ನನಗೂ ಆ ಹೆದರಿಕೆ ಹತ್ತಿಕೊಂಡಿತು. ತಿಪ್ಪಮ್ಮನ ಹೆಜ್ಜೆಗಳ ಚಿಂತೆ ಮಾತ್ರ ಹೋಗಲಿಲ್ಲ.

ಆ ವರ್ಷ ನಾಟಿ ಮುಗಿಯುವ ಹೊತ್ತಿಗೆ ನಾನೇ ಹಂಪಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಶರಣಕ್ಕ, ನಮ್ಮತ್ತಿ ಒಂದು ತಿಂಗಳಾತು ಸೀರಿ ಮಡಚಿ ತಲಿದಿಂಬಿನ ಬಾಜೂಕ ಇಟ್ಗೊಂಡಾಳ. ನನಗ ಬಾಯಿ ಬರಾದಿಲ್ಲ. ಕರ್ಕೊಂಡು ಬರ್ತೀನಿ, ನೀವ ಹೇಳಿಬಿಡ್ರಿ."

ಅವರು ಬಂದದ್ದು ಸೋಮವಾರ ಬೆಳಿಗ್ಗೆ. ಸವಲತ್ತು ಇಲ್ಲದ ಮೇಲೆ ಕೋಣೆ ಯಾಕೆ ಎಂದು ಟಂಟಂ ಆಟೋ ಮಾಡಿಕೊಂಡು ನೇರ ಕೌಂಟರಿಗೇ ಬಂದಿದ್ದರು. ಅಷ್ಟೊತ್ತಿಗೆ ಕಾಲೇಜು ಹುಡುಗರ ಎರಡು ಬಸ್ಸುಗಳೂ ಬಂದಿದ್ದವು. ದರ ಕೇಳಿ ಹಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪ್ರಣೀತ್ ಅಲ್ಲೇ ನಿಂತಿದ್ದ.

"ಸೋಮಾರ ಏನು ತಪ್ಪು ಮಾಡಿತ್ರೀ ಸಾಹೇಬ್ರ?"

"ತಪ್ಪೇನಿಲ್ಲಮ್ಮಾ. ಸೋಮವಾರ ಜನ ಜಾಸ್ತಿ ಬರ್ತಾರೆ. ಜಾಸ್ತಿ ಬಂದ್ರೆ ರೇಟು ಜಾಸ್ತಿ."

"ನಾವು ಜಾಸ್ತಿ ಬರಾದು ರೇಟು ಕಡಿಮಿ ಇತ್ತಂತ್ರೀ."

"ಅಲಾ ಕಾದಮ್ಮಾ..." ಹಾಗಲ್ಲ ಎಂದು ತೆಲುಗಿನಲ್ಲಿ ಶುರು ಮಾಡಿದ. ಹಂಪಮ್ಮ ಅದೇ ತೆಲುಗಿನಲ್ಲಿ ಅವನಿಗಿಂತ ಜೋರಾಗಿ ತಿರುಗಿಸಿ ಕೊಟ್ಟಳು. ಅವಳ ತವರು ಗಡಿಯ ಆಚೆ ಎಂದು ಪಾಪ ಅವನಿಗೇನು ಗೊತ್ತು. ಅವನಿಗೆ ನಗು ಬಂತು. ದರ ಇಳಿಸುವುದು ಅವನ ಕೈಯಲ್ಲಿ ಇರಲಿಲ್ಲ. ಹೆಂಗಸರು ತಮ್ಮತಮ್ಮಲ್ಲಿ ಗುಸುಗುಸು ಮಾಡಿ, ಕೊಟ್ಟು, ಒಳಗೆ ಬಂದರು.

ತಿಪ್ಪಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಒಂದು ವರ್ಷದಲ್ಲಿ ಮುದುಕಿ ಬಹಳ ಸಣ್ಣಗಾಗಿದ್ದಳು. ನಾನು ಎದುರು ಕುಕ್ಕರಗಾಲಲ್ಲಿ ಕೂತು, ಬೆಳಗಿನ ತಾಸು ಈಗ ಇಲ್ಲ, ನೀರು ನಿಲ್ಲಿಸುವುದಿಲ್ಲ, ಎಲ್ಲರ ಜೊತೆಗೇ ಇಳಿಯಬೇಕು ಎಂದೆ. ಆಕೆ ಕೊಳದ ಕಡೆ ನೋಡಿದಳು. ಅಲೆಗಳು ಏಳುತ್ತಿದ್ದವು, ಅವುಗಳ ಮೇಲೆ ನೂರು ತಲೆ ಕುಣಿಯುತ್ತಿದ್ದವು.

"ಆತು ಬಿಡವ್ವಾ," ಎಂದಳು. "ಬಂದೀವಿ, ನೋಡಿಯಾರ ಹೋಗೂಣು."

ಆ ಮಾತು ಆಡುತ್ತ ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. ಮಡಿಲಲ್ಲಿದ್ದ ಸೀರೆಯನ್ನು ಒಮ್ಮೆ ಬಿಚ್ಚಿ, ಮತ್ತೆ ಅದೇ ಗೀರಿನ ಮೇಲೆ ಮಡಚಿದಳು.

ದಾರಿ ತೋರಿಸಿದವನು ಮಾಬು. ಅಲೆ ಒಂದೇ ಸಮ ಇರುವುದಿಲ್ಲ, ಒಂದು ಸುತ್ತು ಮುಗಿದ ಮೇಲೆ ಯಂತ್ರಕ್ಕೆ ಸ್ವಲ್ಪ ಹೊತ್ತು ಬಿಡುವು ಕೊಡುತ್ತಾರೆ, ಮುಂದಿನ ಸುತ್ತಿಗೆ ಮೊದಲು ಸೈರನ್ ಹಾಕುತ್ತಾರೆ. "ಬಿಡುವಿನ್ಯಾಗ ಇಳಸ್ರಿ. ಈಗ ಕಾಯಾವ್ರು ಸುತ್ತೂ ಅದಾರ, ಹೆದರಬ್ಯಾಡ್ರಿ. ಸೈರನ್ ಆದ ಕೂಡ್ಲೇ ಎತ್ತಿಬಿಡಬೇಕು" ಎಂದ. ಇನ್ನೊಂದು ತೊಡಕಿತ್ತು. ಹೊಸ ನಿಯಮದ ಪ್ರಕಾರ ಸೀರೆ ನಡೆಯುವುದಿಲ್ಲ, ನೈಲಾನ್ ಬಟ್ಟೆಯೇ ಬೇಕು. ಉಳಿದ ಹೆಂಗಸರು ಬಾಡಿಗೆಯ ಬಟ್ಟೆ ಹಾಕಿಕೊಂಡರು, ತಿಪ್ಪಮ್ಮನಿಗೆ ಉದ್ದನೆಯ ನೈಲಾನ್ ಪ್ಯಾಂಟು, ಮೀನಿನ ಚಿತ್ರದ ಅಂಗಿ ತಂದು ತೋರಿಸಿದೆ.

"ಈ ವಯಸಿನ್ಯಾಗ ನನಗ ಪ್ಯಾಂಟು ಹಾಕ್ತೀರೇನಬೇ?"

"ನೀರಾಗ ಯಾರು ನೋಡ್ತಾರ ಅತ್ತಿ?"

"ಮೀನು ನೋಡ್ತಾವಲ್ಲ, ಅಂಗಿ ಮ್ಯಾಲ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುನಗುತ್ತಲೇ ಹಾಕಿಸಿಕೊಂಡಳು. ತಲೆಯ ಮೇಲೆ ಸೆರಗಿಲ್ಲದೆ ಮಾತ್ರ ಬರುವುದಿಲ್ಲ ಎಂದಳು, ಪಾರ್ಕಿನ ಟವೆಲ್ಲನ್ನೇ ಹೊದಿಸಿದೆವು.

ಮೊದಲ ಬಿಡುವಿನಲ್ಲಿ ಇಳಿಸಿದಾಗ ನಡೆಯಲು ಆಗಲಿಲ್ಲ. ಯಂತ್ರ ನಿಂತರೂ ಹುಡುಗರು ನಿಲ್ಲಬೇಕಲ್ಲ. ಒಬ್ಬರ ಮೇಲೊಬ್ಬರು ಹಾರುತ್ತಿದ್ದರು, ನೀರು ಕಲಕಿ ಕುದಿಯುತ್ತಿತ್ತು. ಯಾರದೋ ಭುಜ ತಗುಲಿ ತಿಪ್ಪಮ್ಮ ವಾಲಿದಳು, ಬಾಯಿಗೆ ನೀರು ಹೋಯಿತು. ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಇಟ್ಟರು. ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದು, "ಸಾಕು. ಮನಿಗೆ ಹೋಗೂಣು ನಡಿ" ಎಂದಳು. ಅಲೆ ಎದ್ದು, ಒಂದು ಸುತ್ತು ಮುಗಿಯಿತು. ಹಂಪಮ್ಮ ಅಷ್ಟು ಹೊತ್ತೂ ನೀರನ್ನೇ ದಿಟ್ಟಿಸುತ್ತ ನಿಂತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ತನ್ನ ಗುಂಪಿನ ಕಡೆ ತಿರುಗಿ, "ಸಾಲು ಹಿಡೀರಿ" ಎಂದಳು.

ಭತ್ತದ ನಾಟಿ ನೋಡದವರಿಗೆ ಒಂದು ಮಾತು ಹೇಳಬೇಕು. ನಾಟಿಯವರು ಮುಂದಕ್ಕೆ ನಡೆಯುವುದಿಲ್ಲ. ಸಾಲಾಗಿ ನಿಂತು, ಬಾಗಿ, ಸಸಿ ಊರುತ್ತ ಹಿಂದಕ್ಕೆ ಸರಿಯುತ್ತಾರೆ, ನೆಟ್ಟ ಸಸಿಯನ್ನು ತುಳಿಯಬಾರದಲ್ಲ.

ಹೆಂಗಸರು ಕೊಳದ ಅಂಚಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ತೋಳಿಗೆ ತೋಳು ಕೊಟ್ಟು ನಿಂತರು. ಮುಖ ನಮ್ಮ ಕಡೆ, ಬೆನ್ನು ಹುಡುಗರ ಕಡೆ. ಹಂಪಮ್ಮ ಗಂಟಲಲ್ಲಿ ಒಂದು ಸದ್ದು ಮಾಡಿದಳು. ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕಿಟ್ಟರು. ಮತ್ತೊಂದು. ಯಾರನ್ನೂ ಬೈಯಲಿಲ್ಲ, ತಳ್ಳಲಿಲ್ಲ. ಅಷ್ಟು ಬೆನ್ನುಗಳು ಒಂದೇ ಗೆರೆಯಾಗಿ ಸರಿದು ಬರುವುದನ್ನು ಕಂಡು ಹುಡುಗರು ತಾವಾಗಿಯೇ ಹಿಂದೆ ಹಿಂದೆ ಹೋದರು. ಸಾಲಿನ ಈಚೆಗೆ ನೀರು ಮೆಲ್ಲಗೆ ತಿಳಿಯಾಗಿ ನಿಂತಿತು. ಹೆಂಗಸರ ಎದೆಮಟ್ಟದ ತನಕ ಹೋಗಿ ಸಾಲು ನಿಂತುಕೊಂಡಿತು.

ನಾನೂ ಕೆಂಪು ಟೀಶರ್ಟಿನ ಕಾವಲುಗಾರನೊಬ್ಬನೂ ಸೇರಿ ತಿಪ್ಪಮ್ಮನನ್ನು ಇಳಿಸಿದೆವು. ಕಾಲು ನೆಲಕ್ಕೆ ತಾಗಿತು. ಒಂದು ಗಳಿಗೆ ನನ್ನ ಮುಂಗೈ ಹಿಡಿದಿದ್ದಳು, ಆಮೇಲೆ ಬಿಟ್ಟಳು. ಸೊಸೆಯ ಮುಖ ನೋಡುತ್ತ, ಅವಳು ಸಾಲಿನಿಂದ ಬಿಡಿಸಿ ಚಾಚಿದ ಕೈಗಳ ಕಡೆಗೆ ನಡೆದಳು. ನಾನು ನಿಯಮ ಮರೆತು ನೆನೆದ ಸೀರೆಯಲ್ಲೇ ನಿಂತು ನೋಡುತ್ತಿದ್ದೆ. ಸಾಲಿನ ಹತ್ತಿರ ಹೋದವಳು ಕೈ ಹಿಡಿಯಲಿಲ್ಲ. "ನಡುವ ಜಾಗ ಬಿಡ್ರೆ" ಎಂದಳು. ಅದು ಮುಂದಾಳಿನ ಜಾಗ. ಹಂಪಮ್ಮ ಪಕ್ಕಕ್ಕೆ ಸರಿದಳು. ತಿಪ್ಪಮ್ಮ ತಿರುಗಿ, ಸಾಲಿನೊಳಗೆ ನಿಂತು, ಎಲ್ಲರ ಜೊತೆ ಕೊಳದ ಅಡ್ಡಕ್ಕಲ್ಲ, ಆಳದ ಕಡೆಗೆ, ಹಿಂದಕ್ಕೆ ಹೆಜ್ಜೆ ಹಾಕತೊಡಗಿದಳು. ನೀರು ಕತ್ತಿಗೆ ಬಂದಾಗ ಹಂಪಮ್ಮನ ಗಂಟಲಿನ ಸದ್ದಿಗೆ ಸಾಲು ಮತ್ತೆ ಮುಂದೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ತಿಪ್ಪಮ್ಮನ ಬಲಗೈ ತಾನಾಗಿಯೇ ನೀರಿನೊಳಗೆ ಇಳಿಯುತ್ತಿತ್ತು, ಏಳುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಒಂದು ಸಸಿ ಹಿಡಿದ ಹಾಗೆ ಕೂಡಿಕೊಂಡಿದ್ದವು.

ಬಿಡುವು ಮುಗಿದಿತ್ತು. ಮಾಬು ಸೈರನ್ನಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಪ್ರಣೀತನ ಕಡೆ ನೋಡಿದ. ಪ್ರಣೀತ್ ಯಾವಾಗಲೋ ಬಂದು ಕೊಳದ ಮೂಲೆಯಲ್ಲಿ ನಿಂತಿದ್ದ. ಅವನ ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಯಾರೋ ಏನೋ ಕೇಳುತ್ತಿದ್ದರು. ಅವನು ಅದರ ಸದ್ದು ಕಡಿಮೆ ಮಾಡಿ, ಮಾಬುವಿಗೆ ಅಂಗೈ ತೋರಿಸಿದ. ತಡಿ.

ಆಳದ ಕಡೆ ಒತ್ತಾಗಿ ನಿಂತಿದ್ದ ಹುಡುಗರಿಗೆ ಏನು ನಡೆಯುತ್ತಿದೆ ಎಂದು ತಿಳಿಯದು. ಒಬ್ಬ ಸಿಳ್ಳು ಹಾಕಿದ. ಇನ್ನೊಬ್ಬ ಕೈ ಎತ್ತಿ ಕೂಗಿದ, "ಅಲಿ ಬಿಡ್ರೀ ಅಣ್ಣಾ! ದುಡ್ಡು ಕೊಟ್ಟೀವಿ!"

ತಿಪ್ಪಮ್ಮ ನಿಂತಳು. ತಲೆಯ ಮೇಲಿನ ಟವೆಲ್ಲು ಜಾರದ ಹಾಗೆ ಎಡಗೈಯಲ್ಲಿ ಹಿಡಿದುಕೊಂಡು, ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಿಸುವ ದನಿಯಲ್ಲಿ ಹಿಂತಿರುಗಿ ಕೂಗಿದಳು:

"ತಡೀರಲೇ, ಇನ್ನೊಂದು ಸಾಲು ಉಳದೈತಿ!"

ಆ ಸಾಲು ಮುಗಿಯುವ ತನಕ ಅಲೆಯನ್ನು ಯಾರೂ ಕೇಳಲಿಲ್ಲ.